ಮುಂದೆ ನಡೆಯುವವಳು

ದೇವನೂರಿನ ಶಿವನಂಜಮ್ಮ ಈಗಲೂ ಮನೆಯೊಳಗೆ ಕಾಲಿಡುವ ಮುಂಚೆ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾಳೆ. ನಿಂತು, ಹಿಂದೆ ಬರುವವರಿಗಷ್ಟೇ ಕೇಳಿಸುವ ದನಿಯಲ್ಲಿ "ಮೆಟ್ಲು" ಎನ್ನುತ್ತಾಳೆ. ಹಿಂದೆ ಯಾರೂ ಇರುವುದಿಲ್ಲ. ಗಂಡ ಕರಿಯಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಮಗ ಕುಮಾರ ಅದಕ್ಕೂ ಆರು ವರ್ಷ ಮೊದಲೇ ಹೋದ. ಮೊದಮೊದಲು ಮಗಳು ಆಶಾರಾಣಿ, "ಯಾರ್ಗವ್ವ ಏಳ್ತಿದ್ದೀಯ?" ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ತಾಯಿ ಹೇಳಿ ಮುಗಿಸುವವರೆಗೆ ಕಾದು, ಆಮೇಲೆ ತಾನು ಒಳಗೆ ಬರುತ್ತಾಳೆ, ನಡುವೆ ಒಬ್ಬರು ದಾಟಿಹೋಗುವಷ್ಟು ಜಾಗ ಬಿಟ್ಟು.

ಆ ಸೀಮೆಯಲ್ಲಿ ಗಂಡ ಹೆಂಡತಿ ದಾರಿ ನಡೆದರೆ ಗಂಡ ಮುಂದೆ, ಹೆಂಡತಿ ಹಿಂದೆ. ಶಿವನಂಜಮ್ಮ ಸೇರಿದ ಮನೆಯಲ್ಲಿ ಮಾತ್ರ ಹೊತ್ತು ಇಳಿದ ಮೇಲೆ ಇದು ತಿರುಗುಮುರುಗಾಗುತ್ತಿತ್ತು. ಗೆಜ್ಜೆ ಕಟ್ಟಿದ ಸೊಸೆ ಮುಂದೆ, ಎರಡು ಮಾರು ಬಿಟ್ಟು ಗಂಡಸು ಹಿಂದೆ. ಮುದುಕಿಯಾದರೂ ಸೊಸೆಯರು ಗೆಜ್ಜೆ ಬಿಚ್ಚುವ ಹಾಗಿರಲಿಲ್ಲ. ಮನೆದೇವರ ಅಪ್ಪಣೆ ಹಾಗಿದೆ ಎಂದು ಮನೆಯವರು ಹೇಳುತ್ತಿದ್ದರು. ಊರವರು ನಗುತ್ತಿದ್ದರು.

"ಏನ್ಲಾ ಕರಿಯಪ್ಪ, ಸಂಜೆ ಆಯ್ತು ಅಂದ್ರೆ ಎಂಡ್ತಿ ಸೆರಗಿಗೆ ಗಂಟ್ಬೀಳ್ತೀಯಲ್ಲ?" ಎಂದು ಟೀ ಅಂಗಡಿಯಿಂದ ಯಾರಾದರೂ ಕೂಗುತ್ತಿದ್ದರು.

"ನಮ್ಮನೇಲಿ ಲಕ್ಷ್ಮಿ ಮುಂದೆ ನಡೀತಾಳೆ ಕಣ್ಲಾ," ಎನ್ನುತ್ತಿದ್ದ ಕರಿಯಪ್ಪ. "ನಿಮ್ಮನೇಲಿ ಇಂದೆ ಬತ್ತಾಳೆ. ಅದ್ಕೇ ಇನ್ನೂ ಬಂದಿಲ್ಲ."

ಎಲ್ಲರೂ ನಗುವಾಗ ಅವನೂ ನಗುತ್ತಿದ್ದ. ನಗುತ್ತಲೇ ಕಿವಿಯನ್ನು ಮಾತ್ರ ಹೆಂಡತಿಯ ಕಾಲ ಕಡೆಗೆ ಇಟ್ಟಿರುತ್ತಿದ್ದ.

ಶಿವನಂಜಮ್ಮ ಹುಟ್ಟಿದ್ದು ಬನ್ನೂರಿನಲ್ಲಿ. ಅವಳ ತಾಯಿ ದೇವನೂರಿನ ಇದೇ ಮನೆಯ ಹೆಣ್ಣುಮಗಳು, ಕರಿಯಪ್ಪನ ಅಕ್ಕ. ಅಂದರೆ ಶಿವನಂಜಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಆಗ ಅವಳಿಗೆ ಹದಿನೇಳು. "ಗೊತ್ತಿಲ್ದಿರೋ ಮನೆಗೆ ಓಗಿ ಅಳೋದ್ಕಿಂತ ಅಜ್ಜಿ ಮನೆಗೇ ಓಗು," ಎಂದಿದ್ದಳು ತಾಯಿ. ಅದು ನಿಜವೂ ಆಗಿತ್ತು. ರಜೆಯಲ್ಲಿ ಬಂದು ಆಡಿದ ಹಿತ್ತಿಲು, ಹತ್ತಿದ ಹುಣಸೆಮರ, ಬೆನ್ನ ಮೇಲೆ ಕೂರಿಸಿಕೊಂಡು ತಿರುಗಿಸಿದ ಮಾವ. ಅಜ್ಜಿ ಪಾಪಮ್ಮನೇ ಅತ್ತೆಯಾದಳು. ಮದುವೆಯಾದ ಮೇಲೂ ಗಂಡನನ್ನು ಅವಳು "ಮಾವ" ಎಂದೇ ಕರೆದಳು, ಕೊನೆಯವರೆಗೂ.

ಮದುವೆಯ ಮಾರನೆಯ ಸಂಜೆ ಪಾಪಮ್ಮಜ್ಜಿ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕಾಲಿಗೆ ಗೆಜ್ಜೆ ಕಟ್ಟಿದಳು. "ನಡಿ," ಎಂದಳು. ಹುಡುಗಿ ನಡೆದಳು.

"ಇಂಗಲ್ಲ. ಇಮ್ಮಡಿ ಊರಿ ನಡಿ. ಗುಂಡಿನೋ ಚರಂಡಿನೋ ದಾಟಂಗಿದ್ರೆ ಎರಡು ಸಲ ಒತ್ತಿ ತುಳಿ. ಮೆಟ್ಲಿದ್ರೆ ಕಾಲು ಎಳಿ. ಯಾರಾನ ಎದುರಿಗೆ ಬಂದ್ರೆ ಸುಮ್ನೆ ನಿಂತ್ಕೊ. ಸದ್ದು ನಿಂತ್ರೆ ಅವ್ನೂ ನಿಲ್ತಾನೆ. ಬೀದೀಲಿ ಉಸಾರು ಅಂತ ಬಾಯ್ಬಿಟ್ಟೀಯ, ಗಂಡಸ್ರಿಗೆ ಅವ್ಮಾನ. ಮನೆ ಒಳ್ಗೆ ಬೇಕಾದ್ರೆ ಬಾಯಲ್ಲಿ ಏಳು."

"ಮಾವಂಗೆ ಕಣ್ ಕಾಣಾಕಿಲ್ವಾ ಅಜ್ಜಿ?"

ಪಾಪಮ್ಮಜ್ಜಿ ಅವಳ ಬಾಯ ಮೇಲೆ ಮೆಲ್ಲಗೆ ತಟ್ಟಿದಳು. "ಕಾಣ್ದೆ ಏನು? ಅಗಲೊತ್ತಲ್ಲಿ ಎಳ್ಳುಕಾಳು ಎಣಿಸ್ತಾನೆ. ನಮ್ಮನೇಲಿ ಗಂಡಸ್ರು ಕತ್ಲಾದ್ರೆ ಕಣ್ಣಿಗೆ ರಜಾ ಕೊಡ್ತಾರೆ, ಅಷ್ಟೆ."

ಅಷ್ಟೇ ಎಂದು ಅವಳೂ ನಂಬಿದಳು. ಹೊಸದರಲ್ಲಿ ಅದು ಅವಳಿಗೆ ಒಂದು ಸಡಗರವೇ ಆಗಿತ್ತು. ಊರಿನ ಯಾವ ಹೆಣ್ಣಿಗೂ ಗಂಡ ಅಷ್ಟು ಗಮನವಿಟ್ಟು ಕಿವಿಗೊಡುತ್ತಿರಲಿಲ್ಲ. ಜೋಳದ ಹೊಲದ ಬದುವಿನ ಮೇಲೆ ಅವಳು ಮುಂದೆ, ಅವನು ಹಿಂದೆ, ಒಂದು ಮಾತೂ ಇಲ್ಲದೆ ಮನೆ ಮುಟ್ಟುತ್ತಿದ್ದರು. ಅವಳು ಮುಳ್ಳು ಕಂಡು ಪಕ್ಕಕ್ಕೆ ಸರಿದರೆ ಅವನೂ ಸರಿಯುತ್ತಿದ್ದ. ಅವಳ ಹೆಜ್ಜೆಯ ಹಿಂದೆಯೇ ಅವನ ಹೆಜ್ಜೆ ಬೀಳುತ್ತಿತ್ತು, ಒಂದೇ ಅಳತೆಯಲ್ಲಿ, ಒಂದು ಉಸಿರಿನಷ್ಟು ತಡವಾಗಿ. ಆ ತಡದ ಸದ್ದು ಅವಳ ಬೆನ್ನಿಗೆ ಅಂಟಿಕೊಂಡುಬಿಟ್ಟಿತು.

ನಲವತ್ತು ದಾಟುವಷ್ಟರಲ್ಲಿ ಕರಿಯಪ್ಪನಿಗೆ ಹಗಲೂ ಕಿರಿದಾಗತೊಡಗಿತು. ಎದುರಿನ ಮುಖ ಕಾಣುತ್ತಿತ್ತು, ಪಕ್ಕದಲ್ಲಿಟ್ಟ ಚೊಂಬು ಕಾಣುತ್ತಿರಲಿಲ್ಲ. "ಬೊಂಬಿನ ಕೊಳವೇಲಿ ನೋಡ್ದಂಗಾಯ್ತದೆ ಕಣೆ," ಎಂದು ಒಮ್ಮೆ ಹೇಳಿದ. ಒಂದೇ ಸಲ. ಆಮೇಲೆ ಆ ಮಾತೆತ್ತಲಿಲ್ಲ.

ಮಗ ಕುಮಾರ ಒಂಬತ್ತರ ವಯಸ್ಸಿಗೆ ಸಂಜೆ ಆಟದಿಂದ ಬರುವಾಗ ಎಡವತೊಡಗಿದ. ಶಾಲೆಯ ಮೇಷ್ಟರು ಒತ್ತಾಯ ಮಾಡಿದ್ದರಿಂದ ಶಿವನಂಜಮ್ಮ ಅವನನ್ನು ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ತುಂಬ ಹೊತ್ತು ನೋಡಿ, ಮೊದಲು ಕೇಳಿದ್ದು ಕಣ್ಣಿನ ವಿಷಯವನ್ನಲ್ಲ.

"ನೀವು ನಿಮ್ಮ ಯಜಮಾನ್ರು ಸಂಬಂಧದಲ್ಲೇ ಮದುವೆ ಆಗಿದ್ದೀರಾ?"

"ಊಂ. ಸೋದರಮಾವ."

"ಅವರಿಗೂ ಸಂಜೆ ಹೊತ್ತು ಕಾಣಲ್ವಾ?"

ಮನೆಯ ಮಾತನ್ನು ಹೊರಗೆ ಆಡಿ ಶಿವನಂಜಮ್ಮನಿಗೆ ಅಭ್ಯಾಸವಿರಲಿಲ್ಲ. ಡಾಕ್ಟರಮ್ಮನೇ ಹೇಳಿದಳು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಎರಡು ಬಗೆಯ ಕಣಗಳಿವೆ. ಮಬ್ಬು ಬೆಳಕಿನಲ್ಲಿ ನೋಡುವವು ಒಂದು ಬಗೆ, ಹಗಲಿನಲ್ಲಿ ನೋಡುವವು ಇನ್ನೊಂದು. ಈ ಕಾಯಿಲೆಯಲ್ಲಿ ಮೊದಲು ಸಾಯುವುದು ಮಬ್ಬು ಬೆಳಕಿನವು. ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಸುಟ್ಟುಕೊಂಡು ಬರುತ್ತದೆ. ಇದಕ್ಕೆ ಕಾರಣ ರಕ್ತಸಂಬಂಧದಲ್ಲಿ ಇಳಿದು ಬರುವ ಒಂದು ದೋಷ.

"ನೋಡಮ್ಮ, ಮೈಯೊಳಗೆ ಇದೆಲ್ಲ ಜೋಡಿ ಎತ್ತಿನ ಹಾಗೆ. ಒಂದು ಅಪ್ಪನ ಕಡೆಯಿಂದ, ಒಂದು ಅವ್ವನ ಕಡೆಯಿಂದ. ಒಂದು ಕುಂಟಿದ್ರೂ ಇನ್ನೊಂದು ಗಾಡಿ ಎಳೆಯುತ್ತೆ, ಹೊರಗೆ ಏನೂ ಗೊತ್ತಾಗಲ್ಲ. ಎರಡೂ ಕುಂಟಿದ್ರೆ ಗಾಡಿ ನಿಲ್ಲುತ್ತೆ. ಒಂದೇ ಮನೆಯಲ್ಲಿ ಕೊಟ್ಟು ತಂದು ಮಾಡಿದ್ರೆ ಎರಡೂ ಕುಂಟೆತ್ತು ಒಂದೇ ನೊಗಕ್ಕೆ ಬೀಳೋದು ಜಾಸ್ತಿ."

ಆ ಮನೆಯ ಕಥೆಯಲ್ಲಿ ಗೋಜಲೇನೂ ಇಲ್ಲ. ಗೆಜ್ಜೆಯ ಪದ್ಧತಿ ಕಾಯಿಲೆಯನ್ನು ಮುಚ್ಚಿಡಲು ಹುಟ್ಟಿತು. ಮುಚ್ಚಿಟ್ಟದ್ದು ಗುಟ್ಟಾಗಿ ಉಳಿಯಬೇಕಾದರೆ ಹೊರಗಿನ ಹೆಣ್ಣು ಮನೆಗೆ ಬರಬಾರದು. ಹಾಗಾಗಿ ಹೆಣ್ಣುಮಕ್ಕಳು ಒಂದು ಸಲ ದೇವನೂರಿನಿಂದ ಬನ್ನೂರಿಗೆ ಹೋದರು, ಮುಂದಿನ ಸಲ ಬನ್ನೂರಿನಿಂದ ದೇವನೂರಿಗೆ ಬಂದರು. ಕಾಯಿಲೆಯನ್ನು ಬಚ್ಚಿಡಲು ಹಾಕಿಕೊಂಡ ದಾರಿಯಲ್ಲೇ ಕಾಯಿಲೆ ಓಡಾಡಿತು. ದೂರದಿಂದ ನೋಡುವವರಿಗೆ ಇದು ಸರಳ. ಒಳಗಿದ್ದವರಿಗೆ ಅದು ಅಜ್ಜಿ, ಮಾವ, ಹುಣಸೆಮರ.

ಕುಮಾರನಿಗೆ ಹದಿನಾರು ತುಂಬಿದಾಗ ಆಸ್ಪತ್ರೆಯಲ್ಲಿ ಮಡಚುವ ಬಿಳಿ ಕೋಲೊಂದನ್ನು ಕೊಟ್ಟರು. ಮನೆಗೆ ತಂದಾಗ ಕರಿಯಪ್ಪ ಅದನ್ನು ಕೈಯಲ್ಲಿ ತಡವಿ ನೋಡಿದ. "ಇದ್ನ ಇಡ್ಕಂಡು ಉಡ್ಗ ಬೀದೀಲಿ ನಡುದ್ರೆ ನಾಳೆ ನಮ್ಮ ಆಶಾನ ಯಾರು ಕೇಳಾರು?" ಎಂದ. ಕೋಲು ಮಡಚಿದ ಹಾಗೆಯೇ ಅಟ್ಟ ಸೇರಿತು. ಕುಮಾರ ನಂಜನಗೂಡಿನ ಕಾಲೇಜಿನಿಂದ ಬರುವ ಹೊತ್ತಿಗೆ ಶಿವನಂಜಮ್ಮ ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದಳು. ಒಮ್ಮೊಮ್ಮೆ ಆಶಾ. ಚಿಕ್ಕಂದಿನಿಂದ ಸಣ್ಣ ಗೆಜ್ಜೆ ಕಟ್ಟಿ ಅಪ್ಪನ ಮುಂದೆ ನಡೆದು ಅವಳಿಗೂ ಆ ನಡಿಗೆ ಬಂದಿತ್ತು.

ಸ್ಟಾಪಿಗೂ ಮನೆಗೂ ನಡುವೆ ಒಂದು ಕಾಲುವೆ. ದಾಟಲು ಎರಡು ಕಲ್ಲು ಚಪ್ಪಡಿ, ಅವುಗಳ ನಡುವೆ ಒಂದು ಮೊಳ ಬಿರುಕು. ಕೈಹಿಡಿ ಇಲ್ಲ. ಕುಮಾರನಿಗೆ ಹತ್ತೊಂಬತ್ತು ನಡೆಯುತ್ತಿದ್ದಾಗ ಒಂದು ಸಂಜೆ ಶಿವನಂಜಮ್ಮ ಜ್ವರದಲ್ಲಿ ಮಲಗಿದ್ದಳು, ಆಶಾ ಶಾಲೆಯಿಂದ ಬಂದಿರಲಿಲ್ಲ. "ನೀ ಏಳ್ಬ್ಯಾಡ ಕಣವ್ವ, ದಾರಿ ನಂಗೇನು ಒಸ್ದಾ?" ಎಂದು ಫೋನಿನಲ್ಲಿ ಹೇಳಿದ. ಕಾಲುವೆಯಲ್ಲಿ ಆ ವಾರ ನೀರು ಬಿಟ್ಟಿದ್ದರು.

ಸಾವಿಗೆ ಬಂದವರು ಒಂದೇ ಮಾತು ಹೇಳಿದರು. "ಮುಂದೆ ನಡಿಯೋಳು ಒಬ್ಳು ಇದ್ದಿದ್ರೆ ಉಡ್ಗ ಉಳ್ಕೋತಿದ್ದ. ಬಿರ್ರನೆ ಒಂದು ಮದ್ವೆ ಮಾಡ್ಬೇಕಿತ್ತು." ಶಿವನಂಜಮ್ಮನೂ ಹಾಗೆಯೇ ಅಂದುಕೊಂಡಳು. ಕೋಲಿನ ನೆನಪು ಯಾರಿಗೂ ಬರಲಿಲ್ಲ. ಬನ್ನೂರಿನ ಅಣ್ಣ ಬೆಟ್ಟಸ್ವಾಮಿ ಅವಳ ಪಕ್ಕದಲ್ಲಿ ಕುಳಿತು, "ಅಳ್ಬ್ಯಾಡ. ಆಶಾ ನಮ್ಮನೆ ಸೊಸೆ. ಅವ್ಳು ದೊಡ್ಡೋಳಾದಾಗ ಗುಡ್ಲು ಆಕ್ದೋನು ನಾನು, ಮರ್ತಿದ್ದೀಯ?" ಎಂದ. ಹೆಣ್ಣು ಮೈನೆರೆದಾಗ ಹಸಿರು ಸೋಗೆಯ ಗುಡ್ಲು ಕಟ್ಟುವುದು ಸೋದರಮಾವ. ಕಟ್ಟಿದವನಿಗೆ ಹೆಣ್ಣು ಕೇಳುವ ಮೊದಲ ಹಕ್ಕು. ಶಿವನಂಜಮ್ಮ ಅಳುತ್ತಲೇ ತಲೆಯಾಡಿಸಿದಳು. ಮಾತು ಕೊಟ್ಟಂತಾಯಿತು.

ಅಂದಿನಿಂದ ಅವಳ ಬೆನ್ನ ಹಿಂದೆ ಎರಡು ಹೆಜ್ಜೆ, ಗಂಡನದೊಂದು, ಹೋದ ಮಗನದೊಂದು. ಕರಿಯಪ್ಪ ಹೋದ ಮೇಲೆ ಅವೆರಡೂ ಬೇರೆಬೇರೆಯಾಗಿ ಉಳಿಯಲಿಲ್ಲ. ಕುಮಾರನದೂ ಅವನದೂ ಒಂದಾಗಿ, ಒಂದೇ ಹೆಜ್ಜೆ ಒಂದು ಉಸಿರು ತಡವಾಗಿ ಬೀಳುತ್ತಿತ್ತು. ಬಳೆಯ ಜೊತೆಗೆ ಗೆಜ್ಜೆಯನ್ನೂ ಬಿಚ್ಚಿಟ್ಟಿದ್ದಳು. ಕಾಲು ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಕಾಲುವೆಯ ಚಪ್ಪಡಿ ಬಂದರೆ ಹವಾಯಿ ಚಪ್ಪಲಿ ತಾನಾಗಿ ಎರಡು ಸಲ ಒತ್ತಿ ತುಳಿಯುತ್ತಿತ್ತು.

ಆಶಾ ಬಿಎಸ್ಸಿ ಮುಗಿಸಿ ನಂಜನಗೂಡಿನ ಒಂದು ಆಹಾರದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಇಪ್ಪತ್ತನಾಲ್ಕು ವಯಸ್ಸು. ಬೆಟ್ಟಸ್ವಾಮಿಯ ಮಗ ಮಹೇಂದ್ರ ಟಿ. ನರಸೀಪುರದ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಒಳ್ಳೆಯ ಹುಡುಗ, ನಗುಮುಖ. ಎರಡು ತಿಂಗಳಿಗೊಮ್ಮೆ ದೇವನೂರಿಗೆ ಬರುತ್ತಿದ್ದ. ಬೆಳಗಿನ ಬಸ್ಸಿಗೆ ಬಂದು, ಊಟ ಮಾಡಿ, ಮೂರು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಿದ್ದ.

"ಇದ್ದು ಓಗಪ್ಪ," ಎಂದರೆ, "ಮದ್ವೆಗ್ ಮುಂಚೆ ಅತ್ತೆ ಮನೇಲಿ ಮಲಗುದ್ರೆ ಜನ ಜೆರಾಕ್ಸ್ ಮಾಡಿ ಅಂಚ್ತಾರೆ ಅತ್ತೆ," ಎನ್ನುತ್ತಿದ್ದ. ಎಷ್ಟು ಮರ್ಯಾದಸ್ಥ ಎಂದು ಶಿವನಂಜಮ್ಮ ಹಿಗ್ಗುತ್ತಿದ್ದಳು. ಎದುರಿನ ಅಂಗಡಿಗಳೆಲ್ಲ ಎಂಟರವರೆಗೆ ತೆರೆದಿದ್ದರೂ ಅವನ ಅಂಗಡಿ ಐದಕ್ಕೇ ಮುಚ್ಚುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಚಟ ಇಲ್ಲದವನು, ನೇರ ಮನೆಗೆ ಹೋಗುತ್ತಾನೆ ಎಂದು ಅದನ್ನೂ ಹೊಗಳಿದ್ದಳು.

ಆಶಾ ಒಂದು ದಿನ ಕೇಳಿದ್ದಳು. "ಅವ್ವ, ಮಹೇಂದ್ರನ ಕಣ್ಣು ಎಂಗೈತೆ?"

"ಬೆಂಕಿ ಕೆಂಡದಂಗೈತೆ. ಯಾಕೆ?"

"ಅಪ್ಪಂಗಿತ್ತಲ್ಲ. ನನ್ನೊಳ್ಗೆ ಒಂದು ಕುಂಟೆತ್ತು ಇದ್ದೇ ಐತೆ. ಅವ್ನೂ ನಮ್ಮನೆ ಕಡೆಯೋನೇ. ಒಂದು ರಕ್ತ ಪರೀಕ್ಷೆ ಮಾಡ್ಸಿಬಿಡಾಣ."

"ನಿಮ್ಮತ್ತೆ ಕಿವೀಗ್ ಬಿದ್ರೆ ಬಾವಿಗ್ ಬೀಳ್ತಾಳೆ. ಪೇಪರ್ ಓದ್ತಾನೆ, ಬೈಕ್ ಓಡುಸ್ತಾನೆ. ನಾ ನೋಡಿಲ್ವಾ?"

ನೋಡಿದ್ದಳು. ಹಗಲಿನಲ್ಲಿ. ಆಶಾ ಮತ್ತೆ ಕೇಳಲಿಲ್ಲ, ಏಕೆಂದರೆ ಅವಳಿಗೂ ಮಹೇಂದ್ರ ಇಷ್ಟವಾಗಿದ್ದ.

ಎಲೆಅಡಿಕೆ ಶಾಸ್ತ್ರಕ್ಕೆ ಒಂದು ಭಾನುವಾರ ಗೊತ್ತಾಯಿತು. ಬನ್ನೂರಿನಿಂದ ಅಣ್ಣ, ಅತ್ತಿಗೆ, ಹುಡುಗ ಮೂವರೇ ಬರುವುದು, ಮದುವೆಯ ದಿನ ಗೊತ್ತುಮಾಡಿ ಊಟ ಮಾಡಿ ಹೋಗುವುದು. ಆದರೆ ನರಸೀಪುರ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಇನ್ನೊಂದನ್ನು ಹಿಡಿದು, ನಂಜನಗೂಡಿನಲ್ಲಿ ಕಾದು, ಅವರು ದೇವನೂರಿನಲ್ಲಿ ಇಳಿಯುವಾಗ ಸೂರ್ಯ ಮುಳುಗಿ, ಆಕಾಶದಲ್ಲಿ ಮಾತ್ರ ಬೆಳಕು ಉಳಿದಿತ್ತು. ಹುಡುಗರು ಇನ್ನೂ ಚೆಂಡಾಡುತ್ತಿದ್ದರು. ಟಾರ್ಚ್ ಹಚ್ಚುವಷ್ಟು ಕತ್ತಲಾಗಿರಲಿಲ್ಲ.

ಶಿವನಂಜಮ್ಮ ಸ್ಟಾಪಿಗೆ ಬಂದಿದ್ದಳು. ಮೊದಲು ಇಳಿದವಳು ಅತ್ತಿಗೆ ರುದ್ರಾಣಿ. ಅವಳು ಕರಿಯಪ್ಪನ ಅಣ್ಣನ ಮಗಳು, ದೇವನೂರಿನ ಮನೆಯಲ್ಲೇ ಹುಟ್ಟಿ ಬನ್ನೂರಿಗೆ ಹೋದವಳು. ಅವಳ ಹಿಂದೆಯೇ ಮಹೇಂದ್ರ ಇಳಿದ. ಬೆಟ್ಟಸ್ವಾಮಿ, "ಎಂತಾ ಬಸ್ಸವ್ವ! ಕುಂಟೆಮ್ಮೇನೂ ಇದ್ಕಿಂತ ಮುಂಚೆ ಬತ್ತಿತ್ತು," ಎಂದು ನಗುತ್ತ, ಹಳೆಯ ಪರಿಚಯದವರು ಸಿಕ್ಕರೆಂದು ಟೀ ಅಂಗಡಿಯ ಕಡೆ ತಿರುಗಿದ. ರುದ್ರಾಣಿ ಮಗನ ಮುಂದೆ ಹೊರಟಳು. ಗೆಜ್ಜೆಯ ಸದ್ದು ಕೇಳಿ ಶಿವನಂಜಮ್ಮನಿಗೆ ಎದೆ ಝಲ್ಲೆಂದಿತು. ಸೊಸೆಯರ ಆ ದೊಡ್ಡ ಗೆಜ್ಜೆಯನ್ನು ಕೇಳಿ ಎಷ್ಟು ವರ್ಷವಾಗಿತ್ತು!

ಹತ್ತು ಹೆಜ್ಜೆಯೊಳಗೆ ರುದ್ರಾಣಿಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. "ಥೂ ಇದರ!" ಎಂದು ಅವಳು ಕಲ್ಲಿನ ಮೇಲೆ ಕುಳಿತು ಪಿನ್ನು ಹುಡುಕತೊಡಗಿದಳು. "ನೀವು ನಿಧಾನಕ್ ಬನ್ನಿ ಅತ್ಗೆ. ನೀ ಬಾರಪ್ಪ ಮಹೇಂದ್ರ," ಎಂದು ಶಿವನಂಜಮ್ಮ ಮುಂದೆ ನಡೆದಳು.

"ಶಿವನಂಜೀ, ತಡ್ಕೊಳ್ಳೇ! ಒಟ್ಟಿಗೇ ಓಗಾಣ!" ರುದ್ರಾಣಿಯ ದನಿಯಲ್ಲಿ ಒಂದು ಗಾಬರಿಯಿತ್ತು. ಶಿವನಂಜಮ್ಮ ಅದನ್ನು ಗಮನಿಸಲಿಲ್ಲ. ಅವಳ ಗಮನವೆಲ್ಲ ಬೆನ್ನ ಹಿಂದಿತ್ತು.

ಅಲ್ಲಿ ಒಂದು ಹೆಜ್ಜೆ ಬೀಳುತ್ತಿತ್ತು. ಅವಳ ಹೆಜ್ಜೆಯ ಅಳತೆಯಲ್ಲೇ, ಒಂದು ಉಸಿರು ತಡವಾಗಿ.

ಇದು ದಿನವೂ ಕೇಳುವ ಹೆಜ್ಜೆಯೇ ಎಂದು ಮೊದಲು ಅಂದುಕೊಂಡಳು. ಚಪ್ಪಡಿ ಬಂತು. ಕಾಲು ಎರಡು ಸಲ ಒತ್ತಿ ತುಳಿಯಿತು, ದಾಟಿದಳು. ಹಿಂದಿನ ಹೆಜ್ಜೆ ನಿಂತು, ದೂರಕ್ಕೆ ಚಾಚಿ, ಬಿರುಕನ್ನು ಸರಿಯಾಗಿ ದಾಟಿ ಬಿತ್ತು. ನೆಲ ಅದುರಿದ್ದು ಅವಳ ಪಾದಕ್ಕೆ ತಿಳಿಯಿತು. ದಿನವೂ ಬರುವ ಹೆಜ್ಜೆಗೆ ಭಾರವಿರುತ್ತಿರಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಇನ್ನೂ ಸ್ವಲ್ಪ ದೂರ ನಡೆದಳು. ಅಲ್ಲಿ ರಸ್ತೆ ಹೊಸದಾಗಿ ಸಿಮೆಂಟು ಹಾಕಿದ್ದು, ಅಂಗೈಯಂತೆ ಸಮ. ಗುಂಡಿಯಿಲ್ಲ, ಚರಂಡಿಯಿಲ್ಲ. ಆ ಸಮನೆಲದ ಮೇಲೆ ಅವಳು ಬೇಕೆಂದೇ ಎರಡು ಸಲ ಒತ್ತಿ ತುಳಿದು, ಒಂದು ಉದ್ದ ಹೆಜ್ಜೆ ಹಾಕಿ, ನಿಂತು, ತಿರುಗಿದಳು.

ಮಹೇಂದ್ರ ಬಲಗಾಲನ್ನು ಎತ್ತರಕ್ಕೆ ಎತ್ತಿದ್ದ. ಕಣ್ಣು ಅವಳ ಮುಖದ ಮೇಲಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಅವನು ಕಾಲನ್ನು ಮುಂದೆ ಚಾಚಿ, ಇಲ್ಲದ ಚರಂಡಿಯೊಂದನ್ನು ಹುಷಾರಾಗಿ ದಾಟಿ, ಆಚೆ ದಡದಲ್ಲಿ ಪಾದ ಊರಿದ.

"ಮಹೇಂದ್ರ," ಎಂದಳು. "ಅಲ್ಲೇನೈತಪ್ಪ?"

ಅವನು ಕಲ್ಲಾದ. "ಏನಿಲ್ವಾ ಅತ್ತೆ?"

"ಏನಿಲ್ಲ ಕಣಪ್ಪ. ರೋಡು."

ಚೆಂಡಾಡುವ ಹುಡುಗರ ಕೂಗು ಕೇಳುತ್ತಿತ್ತು. ಮಹೇಂದ್ರ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

"ಯಾವಾಗ್ನಿಂದ?"

"ಚಿಕ್ಕೋನಿದ್ದಾಗ್ನಿಂದ. ಅವ್ವ ಮುಂದೆ ನಡೀತದೆ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಆಶಂಗೆ ಗೊತ್ತಾ ಅತ್ತೆ?"

ಅವಳು ಮುಂದೆ ನಡೆದಳು. ಹಿಮ್ಮಡಿ ಊರಿಯೇ ನಡೆದಳು, ಏಕೆಂದರೆ ಅವನು ಬೀಳಬಾರದಿತ್ತು. ಮನೆಯ ಮೆಟ್ಟಿಲ ಹತ್ತಿರ ಎಂದಿನ ಮಾತು ಬಾಯಿಗೆ ಬಂತು, "ಮೆಟ್ಲು." ಅಂದು ಆ ಮಾತಿಗೆ ಹಿಂದಿನಿಂದ "ಊಂ" ಎಂಬ ಉತ್ತರ ಬಂತು. ಬಾಗಿಲಲ್ಲಿ ಹೊಸ ಸೀರೆಯುಟ್ಟು ನಿಂತಿದ್ದ ಆಶಾ ಅದನ್ನು ಕೇಳಿದಳು. ತಾಯಿಯ ಮುಖ ನೋಡಿದಳು, ಮಹೇಂದ್ರ ಕಾಲಿನಿಂದ ಮೆಟ್ಟಿಲನ್ನು ತಡವುವುದನ್ನು ನೋಡಿದಳು.

ಬೆಟ್ಟಸ್ವಾಮಿ, ರುದ್ರಾಣಿ ಬಂದು ಕುಳಿತರು. ತಟ್ಟೆಯಲ್ಲಿ ಎಲೆಅಡಿಕೆ ಸಿದ್ಧವಾಗಿತ್ತು. ಶಿವನಂಜಮ್ಮ ಅದನ್ನು ಮುಟ್ಟಲಿಲ್ಲ.

"ಅಣ್ಣ, ಈ ಮದ್ವೆ ಬ್ಯಾಡ."

ಬೆಟ್ಟಸ್ವಾಮಿ ಮೊದಲು ಅದನ್ನು ತಮಾಷೆ ಎಂದುಕೊಂಡ. "ಬಸ್ಸು ಲೇಟಾಗಿದ್ದಕ್ಕಾ?" ಎಂದ. ಯಾರೂ ನಗದ್ದನ್ನು ಕಂಡು ಅವನ ಮುಖ ಬಿಗಿಯಿತು. "ಏನಂದೆ?"

"ಉಡ್ಗನ್ ಕಣ್ಣಿನ ಇಸ್ಯ ನಂಗೇಳ್ಲಿಲ್ಲ ನೀವು."

"ಏಳೋದೇನು? ನಿನ್ ಗಂಡಂಗಿರ್ಲಿಲ್ವಾ? ನೀನೇನ್ ಬಾಳ್ವೆ ಮಾಡ್ಲಿಲ್ವಾ?"

"ಮಾಡ್ದೆ. ಮಗನ್ನ ಕಾಲ್ವೇಲಿ ಉಡುಕ್ದೆ."

ಬೆಟ್ಟಸ್ವಾಮಿ ಎದ್ದು ನಿಂತ. "ಗುಡ್ಲು ಆಕ್ದೋನು ನಾನು! ಇಂಗೆ ಬರಿಗೈಲಿ ಕಳುಸ್ತೀಯ? ಬನ್ನೂರಲ್ಲಿ ಮಖ ಎಂಗ್ ತೋರುಸ್ಲಿ?"

ರುದ್ರಾಣಿ ಗಂಡನ ತೋಳು ಹಿಡಿದು ಕೂರಿಸಿದಳು. ಅವಳಿಗೆ ಕೋಪ ಬಂದಿರಲಿಲ್ಲ. ಬೇಡುವ ದನಿಯಿತ್ತು. "ಶಿವನಂಜೀ, ನನ್ ಮಾತು ಕೇಳು. ಒರಗಿನ್ ಉಡ್ಗೀನ ತಂದ್ರೆ ತಿಂಗ್ಳೊಪ್ಪತ್ತಲ್ಲಿ ಗೊತ್ತಾಯ್ತದೆ, ಬಿಟ್ಟೋಯ್ತಾಳೆ. ನಾ ಎಷ್ಟ್ ದಿನ ಮುಂದೆ ನಡ್ಯಾಕಾಯ್ತದೆ? ನಂಗೂ ಮಂಡಿನೋವು. ಆಶಂಗಾದ್ರೆ ಕಲ್ಸೋದೇ ಬ್ಯಾಡ. ನಡ್ಯಾಕೆ ಬತ್ತದೆ ಅವ್ಳಿಗೆ."

ಅದನ್ನು ಅವಳು ಹೊಗಳಿಕೆಯಾಗಿ ಹೇಳಿದ್ದಳು. ಶಿವನಂಜಮ್ಮನಿಗೆ ಪಾಪಮ್ಮಜ್ಜಿಯ ಹಿತ್ತಿಲು ಕಣ್ಣಿಗೆ ಬಂತು. ತನ್ನ ತಾಯಿ ಬನ್ನೂರಿನಲ್ಲಿ, "ಅಜ್ಜಿ ಮನೆಗೇ ಓಗು," ಎಂದದ್ದು ಏಕೆಂದು ಮೂವತ್ತೈದು ವರ್ಷದ ಮೇಲೆ ತಿಳಿಯಿತು. ತನ್ನನ್ನೂ ಹೀಗೆಯೇ ಕೇಳಿಕೊಂಡು ಹೋಗಿದ್ದರು. ತನ್ನ ಮುಖವನ್ನು ನೋಡಿ ಅಲ್ಲ, ಕಾಲನ್ನು ನೋಡಿ.

"ನನ್ ಮಗ್ಳು ನಡ್ಯಾಕೆ ಉಟ್ಟಿಲ್ಲ ಅತ್ಗೆ," ಎಂದಳು.

ಆಶಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮಹೇಂದ್ರ ದನಿ ಬಂದ ಕಡೆಗೆಲ್ಲ ಮುಖ ತಿರುಗಿಸಿ, ಕೊನೆಗೆ ಅವಳ ಗೆಜ್ಜೆಯ ಚಿಕ್ಕ ಸದ್ದಿಗೆ ತಿರುಗಿದ.

"ನಾನು ಏಳ್ಬೇಕು ಅಂತಾನೇ ಇದ್ದೆ ಆಶಾ."

"ಯಾವಾಗ? ಮದ್ವೆ ಆದ್ಮೇಲಾ?"

ಅವನು ತಲೆ ತಗ್ಗಿಸಿದ. "ಎಲ್ಲಾರ್ಗೂ ಬಂದೇ ಬತ್ತದೆ ಅಂತೇನಿಲ್ವಲ್ಲ."

"ನಿಂಗೆ ಎರಡೂ ಕುಂಟೆತ್ತು. ನಂಗೆ ಒಂದು. ಉಟ್ಟೋ ಪ್ರತಿ ಮಗೂಗೂ ಬರೋದು ಬರ್ದಿರೋದು ಸಮ ಸಮ ಮಹೇಂದ್ರ. ನಾಣ್ಯ ಮೇಲಕ್ಕೆಸ್ದಂಗೆ." ಲ್ಯಾಬಿನಲ್ಲಿ ಫ‌ಲಿತಾಂಶ ಓದುವ ದನಿಯಲ್ಲಿ ಶುರುಮಾಡಿದವಳು ಕೊನೆಯ ಮಾತಿಗೆ ಬಂದಾಗ ಗೋಡೆಯ ಕಡೆ ತಿರುಗಿದಳು. "ಅವ್ವ, ಅವ್ನು ಕೆಟ್ಟೋನಲ್ಲ."

"ಅಲ್ಲ ಕಣವ್ವ. ನಿಮ್ಮಪ್ಪನೂ ಕೆಟ್ಟೋನಾಗಿರ್ಲಿಲ್ಲ."

ಬೆಟ್ಟಸ್ವಾಮಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. "ಇವತ್ತಿಗೆ ನಂಗೆ ತಂಗಿ ಇಲ್ಲ," ಎಂಬ ಮಾತು ಅಂಗಳದಿಂದ ಕೇಳಿಸಿತು. ರುದ್ರಾಣಿ ಅಳುತ್ತ ಅವನ ಹಿಂದೆ ಓಡಿದಳು, ಅವನನ್ನು ತಡೆದು ಕರೆತರಲು. ಜಗಲಿಯ ಮೇಲೆ ಮಹೇಂದ್ರ ಒಬ್ಬನೇ ಉಳಿದ. ಹೊರಗೆ ಈಗ ನಿಜವಾಗಿ ಕತ್ತಲಾಗಿತ್ತು. ಅವನು ಫೋನಿನ ಟಾರ್ಚ್ ಹಚ್ಚಿದ. ಆ ಪುಟ್ಟ ಬೆಳಕು ಅವನ ಪಾದಕ್ಕೆ ಸಾಕಾಗುತ್ತಿತ್ತು, ದಾರಿಗೆ ಸಾಕಾಗುತ್ತಿರಲಿಲ್ಲ.

ಆಶಾ ತಾನಾಗಿಯೇ ಮೆಟ್ಟಿಲಿಳಿದು ಅವನ ಮುಂದೆ ನಿಂತಳು. ಯಾರೂ ಹೇಳಿರಲಿಲ್ಲ. ಕಾಲಿಗೆ ಅದು ಅಭ್ಯಾಸವಾಗಿತ್ತು. ಶಿವನಂಜಮ್ಮ ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ನೀ ಒಳ್ಗಿರು."

ಅವಳು ಏಣಿ ಹಾಕಿ ಅಟ್ಟ ಹತ್ತಿದಳು. ಗೋಣಿಚೀಲ, ಹಳೆಯ ಕುಕ್ಕೆಗಳ ಹಿಂದೆ ಕೈ ಹಾಕಿ, ಧೂಳು ಹಿಡಿದ ಒಂದು ಕಟ್ಟನ್ನು ತಂದಳು. ರಬ್ಬರಿನ ದಾರ ಬಿಚ್ಚಿದ್ದೇ ಆ ಕಟ್ಟು ಅವಳ ಕೈಯಿಂದ ಜಿಗಿದು, ಟಕ್ ಟಕ್ ಎಂದು ಒಂದರೊಳಗೊಂದು ಕೂಡಿ, ಉದ್ದನೆಯ ಬಿಳಿ ಕೋಲಾಯಿತು. ಅಷ್ಟು ವರ್ಷ ಮಡಚಿ ಇಟ್ಟಿದ್ದರೂ ಅದು ಮಾಡಬೇಕಾದ್ದನ್ನು ಮರೆತಿರಲಿಲ್ಲ.

"ಕುಮಾರಂದು," ಎಂದಳು. "ಒಂದಿನಾನೂ ಇಡೀಲಿಲ್ಲ. ನಾವು ಬಿಡ್ಲಿಲ್ಲ. ತಕೋ."

ಮಹೇಂದ್ರ ಅದನ್ನು ಹಿಡಿದು ಉದ್ದಕ್ಕೂ ತಡವಿ ನೋಡಿದ. "ಜನ ನೋಡ್ತಾರೆ ಅತ್ತೆ."

"ನೋಡ್ಲಿ. ನೋಡಿ ದಾರಿ ಬಿಡ್ತಾರೆ."

ಅವನು ಮುಂದೆ ನಡೆದ. ಶಿವನಂಜಮ್ಮ ಹಿಂದೆ. ಆ ಬೀದಿಯಲ್ಲಿ ಕತ್ತಲಾದ ಮೇಲೆ ಅವಳು ಒಬ್ಬ ಗಂಡಸಿನ ಹಿಂದೆ ನಡೆದದ್ದು ಅದೇ ಮೊದಲು. ಕೋಲು ಗೊತ್ತಿಲ್ಲದವನ ಕೈಯಲ್ಲಿ ಅತ್ತಿತ್ತ ತಡವರಿಸುತ್ತಿತ್ತು. ಬೇಲಿಗೆ ಬಡಿಯಿತು, ಮಲಗಿದ ನಾಯಿಗೆ ತಗುಲಿ ಅದು ಗೊಣಗಿ ಎದ್ದುಹೋಯಿತು. ಚಪ್ಪಡಿ ಹತ್ತಿರವಾದಂತೆ ಅವಳ ಹಿಮ್ಮಡಿಯಲ್ಲಿ ನೋವಿನಂಥ ಒಂದು ಸೆಳೆತ ಎದ್ದಿತು.

"ಅತ್ತೆ, ಮುಂದೆ ಏನಾರ ಐತಾ?"

"ಐತೆ. ಕೋಲ್ನ ಕೇಳು."

ಅವಳು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದು ನಿಂತಳು. ಕೋಲು ಕಲ್ಲಿನ ಮೇಲೆ ತಟ್ಟಿತು, ಇನ್ನೊಮ್ಮೆ ತಟ್ಟಿತು, ಆಮೇಲೆ ಸದ್ದಿಲ್ಲದ ಜಾಗಕ್ಕೆ ಇಳಿಯಿತು. ಕೆಳಗೆ ನೀರು ಹರಿಯುತ್ತಿತ್ತು. ಮಹೇಂದ್ರ ಬಿರುಕಿನ ಈ ಅಂಚು, ಆ ಅಂಚು ಎರಡನ್ನೂ ಅಳೆದ. ಶಿವನಂಜಮ್ಮ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನು ಆಚೆ ಇದ್ದ.

ಸ್ಟಾಪಿನ ದೀಪದ ಕೆಳಗೆ ನಾಲ್ಕಾರು ಜನ ನಿಂತಿದ್ದರು. ಮಗ ಕೋಲು ತಟ್ಟುತ್ತ ಬರುವುದನ್ನು ಕಂಡು ಬೆಟ್ಟಸ್ವಾಮಿ, "ಅದ್ನ ಮಡಚ್ಲಾ," ಎಂದು ಹಲ್ಲು ಕಚ್ಚಿದ. ಮಹೇಂದ್ರ ಮಡಚಲಿಲ್ಲ. ರುದ್ರಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೋಲನ್ನೇ ನೋಡುತ್ತಿದ್ದಳು. ಬಸ್ಸು ಬಂತು. ಕೋಲು ಮೆಟ್ಟಿಲನ್ನು ಹುಡುಕಿತು. ಯಾರೋ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಶಿವನಂಜಮ್ಮ ಒಬ್ಬಳೇ ಹಿಂದಿರುಗಿದಳು. ಅಣ್ಣನ ಮನೆ ಇವತ್ತಿಗೆ ಮುಗಿಯಿತು. ಮಗಳು ಒಳಗೆ ಅಳುತ್ತಿರುತ್ತಾಳೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅದು ಬಂದು ಬೆನ್ನಿಗೆ ಸೇರಿಕೊಂಡಿತು, ಭಾರವಿಲ್ಲದ ಆ ಹೆಜ್ಜೆ, ಒಂದು ಉಸಿರು ತಡವಾಗಿ. ಅವಳು ಮೆತ್ತಗೆ, ಸದ್ದಾಗದ ಹಾಗೆ ನಡೆದು ನೋಡಿದಳು. ಹಿಂದಿನ ಹೆಜ್ಜೆ ಗೊಂದಲಗೊಂಡು ತಡವರಿಸಿತು. ಅವಳಿಂದ ಅದನ್ನು ಕೇಳಲಾಗಲಿಲ್ಲ. ಮತ್ತೆ ಹಿಮ್ಮಡಿ ಊರಿದಳು.

ಚಪ್ಪಡಿಯ ಆಚೆ ಒಂದು ಫೋನಿನ ಬೆಳಕು ನಿಂತಿತ್ತು. ಆಶಾ. ಅವಳು ಬಂದದ್ದೇ ಶಿವನಂಜಮ್ಮನಿಗೆ ಕೇಳಿಸಿರಲಿಲ್ಲ. ಬೆಳಕು ಕೆಳಗೆ ಬಿದ್ದಿದ್ದ ಕಡೆ ಮಗಳ ಕಾಲು ಕಂಡಿತು. ಬರಿಗಾಲು. ಗೆಜ್ಜೆಯಿದ್ದ ಜಾಗದಲ್ಲಿ ಚರ್ಮ ಒಂದು ಗೆರೆಯಷ್ಟು ಬೆಳ್ಳಗಿತ್ತು.

ಶಿವನಂಜಮ್ಮ ಬಿರುಕಿನ ಅಂಚಿನಲ್ಲಿ ನಿಂತು, ಎರಡು ಸಲ ಒತ್ತಿ ತುಳಿದಳು. ದಾಟಿದಳು. ದಾಟಿ, ಕಾಲುವೆಗೆ ಬೆನ್ನು ಮಾಡಿ, ಕಾದಳು.

"ಬರ್ಲಿ ತಡಿ," ಎಂದಳು.

ಆಶಾ ಯಾರು ಎಂದು ಕೇಳಲಿಲ್ಲ. ಬೆಳಕನ್ನು ಚಪ್ಪಡಿಯ ಬಿರುಕಿನ ಮೇಲೆ ಹಿಡಿದು, ಅಲುಗಾಡದ ಹಾಗೆ, ನಿಂತುಕೊಂಡಳು.